ಕಸುಬುದಾರನ ಹೆಸರಿನ ಲೆಕ್ಕ

ವಾಣಿಜ್ಯಶಾಸ್ತ್ರವನ್ನು ಅಭ್ಯಸಿಸಿದವರಿಗೆಲ್ಲ ‘ಗುಡ್‌ವಿಲ್’ ಎಂಬ ಶಬ್ದ ಸುಪರಿಚಿತವಾದುದು. ಅಂಗಡಿಯ ಕಟ್ಟಡ, ಸರಕು, ಯಂತ್ರ ಇವೆಲ್ಲ ಕಣ್ಣಿಗೆ ಕಾಣುವ ಆಸ್ತಿಗಳಾದರೆ ಇದು ಕಾಣದಿರುವ ಆಸ್ತಿ. 1810ರಲ್ಲಿ ಇಂಗ್ಲೆಂಡಿನ ಲಾರ್ಡ್ ಎಲ್ಡನ್ ಎಂಬ ನ್ಯಾಯಾಧೀಶರು ಸರಕು ಸಾಗಣೆಯ ವ್ಯಾಪಾರವೊಂದರ ಮೊಕದ್ದಮೆಯಲ್ಲಿ ಇದಕ್ಕೆ ಒಂದು ವ್ಯಾಖ್ಯೆಯನ್ನು ಕೊಟ್ಟರು. ಹಳೆಯ ಗಿರಾಕಿಗಳು ಹಳೆಯ ಸ್ಥಳಕ್ಕೇ ಮತ್ತೆ ಬರುವ ಸಂಭವವಲ್ಲದೆ ಅದು ಬೇರೇನೂ ಅಲ್ಲವೆಂಬುದು ಅವರ ಅಭಿಪ್ರಾಯದ ಸಾರ. ಇಷ್ಟು ಬೆಲೆಬಾಳುವ ಈ ಆಸ್ತಿಯನ್ನು, ತಾನೇ ದುಡಿದು ಗಳಿಸಿದ್ದಾದರೆ, ಯಾವ ವರ್ತಕನೂ ತನ್ನ ಆಸ್ತಿ–ಹೊಣೆಗಳ ಪಟ್ಟಿಯಲ್ಲಿ ತೋರಿಸುವಂತಿಲ್ಲ. ಭಾರತದ 26ನೆಯ ಲೆಕ್ಕಪತ್ರ ಮಾನದಂಡ ಅದನ್ನು ಒಪ್ಪುವುದಿಲ್ಲ. ಕೊಂಡ ಹೆಸರಿಗೆ ಪುಸ್ತಕದಲ್ಲಿ ಜಾಗವುಂಟು, ಗಳಿಸಿದ ಹೆಸರಿಗೆ ಇಲ್ಲ! ನಲ್ಲಿ ದುರಸ್ತಿ ಮಾಡುವವನು, ವಿದ್ಯುತ್ ಕೆಲಸದವನು, ಬಡಗಿ, ದರ್ಜಿ, ಬಣ್ಣ ಬಳಿಯುವವನು, ಅಡುಗೆಯ ಗುತ್ತಿಗೆದಾರ ಮೊದಲಾದವರಿಗೆ ಬಹುಮಟ್ಟಿಗೆ ಇರುವ ಆಸ್ತಿಯೆಂದರೆ ಇದೊಂದೇ. ಒಂದು ಚೀಲ ಹತ್ಯಾರು, ಒಂದು ಹಳೆಯ ಸ್ಕೂಟರು ಮತ್ತು ಒಂದು ಹೆಸರು.

ಈ ಹೆಸರಿನ ಲೆಕ್ಕ ಹಿಂದೆ ಎಲ್ಲಿತ್ತು, ಈಗ ಎಲ್ಲಿದೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ರಾಜಧಾನಿಗೆ ಕೇಂದ್ರ ಸರ್ಕಾರದ ನೌಕರಿಯನ್ನು ಹಿಡಿದು ಬಂದ ಹಿಂದಿನ ತಲೆಮಾರಿನ ಕನ್ನಡ ಕುಟುಂಬಗಳನ್ನು ನೆನೆಯಬಹುದು. ಕರೋಲ್ ಬಾಗಿನ ಬಾಡಿಗೆ ಮನೆಗೋ ರಾಮಕೃಷ್ಣಪುರದ ಸರ್ಕಾರಿ ವಸತಿಗೋ ಬಂದಿಳಿದವರು ಮೊದಲು ವಿಚಾರಿಸುತ್ತಿದ್ದುದು ಹಾಲಿನವನನ್ನು, ಎರಡನೆಯದಾಗಿ ಕೂಲರಿನ ಪಂಪು ಸರಿಪಡಿಸುವವನನ್ನು. ದೆಹಲಿಯ ಮೇ ತಿಂಗಳ ಬಿಸಿಗಾಳಿಯಲ್ಲಿ ಕೂಲರು ನಿಂತುಹೋದ ಮನೆಯ ಪಾಡು ಬಲ್ಲವರೇ ಬಲ್ಲರು. ಆಗ ಪಕ್ಕದ ಮನೆಯವರು ಒಂದು ಹೆಸರನ್ನು ಹೇಳುತ್ತಿದ್ದರು. ಆ ಹೆಸರಿನ ಮನುಷ್ಯ ಮಾರುಕಟ್ಟೆಯ ಯಾವುದೋ ಮೂಲೆಯಲ್ಲಿ ಕುಳಿತಿರುತ್ತಿದ್ದ. ಅವನ ಕೆಲಸ ಚೆನ್ನಾಗಿದ್ದರೆ ಆ ಮಾತು ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಇನ್ನೂ ನಾಲ್ಕು ಮನೆಗಳಿಗೆ ಮುಟ್ಟುತ್ತಿತ್ತು. ಕೆಟ್ಟರೆ ಅದೂ ಮುಟ್ಟುತ್ತಿತ್ತು. ಊರ ಬಾಯಿಗೆ ಮುಚ್ಚಳವಿಲ್ಲವೆಂಬುದು ದಿಟವೇ ಆದರೂ, ಆ ಬಾಯಿಗೆ ಒಂದು ಕರುಣೆಯಿತ್ತು: ಅದು ಮರೆಯುತ್ತಿತ್ತು. ಒಮ್ಮೆ ಕೆಲಸ ಕೆಡಿಸಿದವನು ಎರಡು ದೀಪಾವಳಿ ಕಳೆದ ಮೇಲೆ ಮತ್ತೆ ಸುಣ್ಣ ಬಳಿಯಲು ಬಂದರೆ, ಹಳೆಯ ತಕರಾರು ನಗೆಯ ಮಾತಾಗಿರುತ್ತಿತ್ತು.

ಇಂದಿನ ಊರ ಬಾಯಿ ಬರೆಯುತ್ತದೆ. ನೊಯಿಡಾ, ಇಂದಿರಾಪುರಂ, ಗುರುಗ್ರಾಮ, ದ್ವಾರಕಾಗಳ ಬಹುಮಹಡಿ ಸಮುಚ್ಚಯಗಳಲ್ಲಿ ಸಾವಿರಾರು ಮನೆಗಳು ಒಂದೇ ಕಾಂಪೌಂಡಿನೊಳಗಿವೆ. ಅಲ್ಲಿನ ನಿವಾಸಿಗಳಿಗೆ ನೆರೆಮನೆಯವರ ಹೆಸರು ತಿಳಿಯದಿದ್ದರೂ, ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ಇರುತ್ತಾರೆ. ‘ಒಳ್ಳೆಯ ಪ್ಲಂಬರ್ ಯಾರಾದರೂ ಗೊತ್ತೇ?’ ಎಂಬ ಪ್ರಶ್ನೆಗೆ ಅಲ್ಲಿ ಐದು ನಿಮಿಷಗಳಲ್ಲಿ ಉತ್ತರ ದೊರೆಯುತ್ತದೆ. ಗೂಗಲ್ ನಕ್ಷೆಯಲ್ಲಿ ಹುಡುಕಿದರೆ ಹೆಸರಿನ ಕೆಳಗೆ ನಕ್ಷತ್ರಗಳು ಕಾಣುತ್ತವೆ. ಇನ್‌ಸ್ಟಾಗ್ರಾಮಿನಲ್ಲಿ ಬಡಗಿಯು ತಾನು ಮಾಡಿದ ಕಪಾಟನ್ನೂ ದರ್ಜಿಯು ತಾನು ಹೊಲಿದ ರವಿಕೆಯನ್ನೂ ತೋರಿಸುತ್ತಾರೆ. ಇವೆಲ್ಲವೂ ಸೇರಿ ಒಂದು ಲೆಕ್ಕದ ಪುಸ್ತಕವಾಗಿದೆ. ಬ್ಯಾಂಕಿನ ಖಾತೆಯಲ್ಲಾದರೆ ಜಮೆಯನ್ನೂ ಖರ್ಚನ್ನೂ ಬರೆಯುವವರು ಯಾರೆಂದು ಗೊತ್ತಿರುತ್ತದೆ, ತಪ್ಪಾದರೆ ತಿದ್ದಿಸುವ ದಾರಿಯೂ ಇರುತ್ತದೆ. ಈ ಹೊಸ ಪುಸ್ತಕವನ್ನು ಬರೆಯುವವರು ಗಿರಾಕಿಗಳು, ಇಟ್ಟುಕೊಂಡಿರುವವರು ದೂರದ ಕಂಪನಿಗಳು. ಖಾತೆ ಯಾರದೋ ಅವನ ಕೈಗೆ ಮಾತ್ರ ಲೇಖನಿಯಿಲ್ಲ.

ನಕ್ಷತ್ರಗಳ ಗಣಿತವನ್ನು ಇಲ್ಲಿ ಕೊಂಚ ಬಿಡಿಸಿ ನೋಡುವುದು ಅವಶ್ಯ. ಏಕೆಂದರೆ ಅಂಕ ಕೊಡುವವರಲ್ಲಿ ಹೆಚ್ಚಿನವರು ಈ ಲೆಕ್ಕವನ್ನು ಮಾಡಿ ನೋಡಿರುವುದಿಲ್ಲ. ಒಬ್ಬ ವಿದ್ಯುತ್ ಕೆಲಸದವನು ಹತ್ತು ಮನೆಗಳಲ್ಲಿ ಕೆಲಸ ಮಾಡಿದನೆಂದು ಭಾವಿಸೋಣ. ಒಂಬತ್ತು ಮನೆಯವರು ಐದಕ್ಕೆ ಐದು ಅಂಕ ಕೊಟ್ಟರು, ಹತ್ತನೆಯವರು ಯಾವುದೋ ಬೇಸರದಲ್ಲಿ ಒಂದನ್ನು ಕೊಟ್ಟರು. ಒಟ್ಟು 46, ಸರಾಸರಿ 4.6. ಈ ಸರಾಸರಿಯನ್ನು ಅವನು 4.8ಕ್ಕೆ ಏರಿಸಬೇಕಾದರೆ ಇನ್ನೂ ಹತ್ತು ಮನೆಗಳಲ್ಲಿ ಪೂರ್ಣ ಅಂಕ ಪಡೆಯಬೇಕು. 4.9ಕ್ಕೆ ಏರಿಸಬೇಕಾದರೆ ಮೂವತ್ತು ಮನೆಗಳು ಬೇಕು. ಒಂದು ಬೆರಳಿನ ಒತ್ತನ್ನು ಅಳಿಸಲು ಮೂವತ್ತು ಮನೆಗಳ ಬೆವರು! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಹಿರಿಯರು ಹೇಳಿದ್ದು ಇಲ್ಲಿ ಅಂಕಗಣಿತದಲ್ಲಿಯೇ ಸಿದ್ಧವಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಉಂಟು. ಶೇಕಡಾ 60ಕ್ಕೆ ಪ್ರಥಮ ದರ್ಜೆಯನ್ನು ಪಡೆದು ಹೆಮ್ಮೆಯಿಂದ ಮನೆಗೆ ಬಂದ ತಲೆಮಾರಿಗೆ ಐದರಲ್ಲಿ ನಾಲ್ಕು ಎಂದರೆ ಶೇಕಡಾ 80, ಧಾರಾಳವಾದ ಮೆಚ್ಚುಗೆ. ಆದರೆ ಐದೇ ವಾಡಿಕೆಯಾಗಿರುವ ಈ ವ್ಯವಸ್ಥೆಯಲ್ಲಿ ನಾಲ್ಕು ಎಂಬುದು ಸರಾಸರಿಯನ್ನು ಕೆಳಕ್ಕೆಳೆಯುವ ಅಂಕ. ಹಿರಿಯರೊಬ್ಬರು ಸಂತೋಷದಿಂದಲೇ ನಾಲ್ಕನ್ನು ಒತ್ತಿ, ಆ ಹುಡುಗನ ಮುಖವೇಕೆ ಬಾಡಿತೆಂದು ಅಚ್ಚರಿಪಡುವುದು ಇದೇ ಕಾರಣದಿಂದ.

ಈ ಅಂಕಗಳಿಗೂ ಅನ್ನಕ್ಕೂ ಇರುವ ನಂಟನ್ನು ತೋರಿಸಿದ ಪ್ರಸಂಗ ರಾಜಧಾನಿಯ ವಲಯದಲ್ಲಿಯೇ ನಡೆಯಿತು. 2014ರಲ್ಲಿ ಅರ್ಬನ್‌ಕ್ಲ್ಯಾಪ್ ಎಂಬ ಹೆಸರಿನಲ್ಲಿ ಆರಂಭವಾಗಿ 2020ರಲ್ಲಿ ಅರ್ಬನ್ ಕಂಪನಿ ಎಂದು ಹೆಸರು ಬದಲಿಸಿಕೊಂಡ, ಗುರುಗ್ರಾಮದಲ್ಲಿ ಕೇಂದ್ರ ಕಚೇರಿಯುಳ್ಳ ಸಂಸ್ಥೆಯು, ಮನೆಗೆಲಸದ ಕುಶಲಕರ್ಮಿಗಳನ್ನೂ ಗಿರಾಕಿಗಳನ್ನೂ ಮೊಬೈಲಿನ ಮೂಲಕ ಒಂದುಗೂಡಿಸುತ್ತದೆ. 2021ರ ಅಕ್ಟೋಬರಿನಲ್ಲಿ ಸೌಂದರ್ಯಸೇವೆಯ ಕೆಲಸಗಾರ್ತಿಯರು ಗುರುಗ್ರಾಮದ ಕಚೇರಿಯ ಮುಂದೆ ಸೇರಿ, ಸಂಸ್ಥೆಯು ಹಿಡಿದುಕೊಳ್ಳುವ ಕಮಿಷನ್ ಮುಂತಾದವುಗಳ ವಿರುದ್ಧ ಪ್ರತಿಭಟಿಸಿದರು. 2023ರಲ್ಲಿ ಮತ್ತೆ ದೇಶದ ಹಲವು ನಗರಗಳಲ್ಲಿ ಪ್ರತಿಭಟನೆ ನಡೆದಾಗ ಮುಖ್ಯವಾದ ದೂರು ಅಂಕಗಳದ್ದೇ ಆಗಿತ್ತು: ಸರಾಸರಿ ಅಂಕವೂ ಕೆಲಸ ಒಪ್ಪಿಕೊಳ್ಳುವ ಪ್ರಮಾಣವೂ ಗೊತ್ತುಪಡಿಸಿದ ಮಟ್ಟಕ್ಕಿಂತ ಇಳಿದುವೆಂದು ತಮ್ಮ ಖಾತೆಗಳನ್ನು ಮುಚ್ಚಲಾಗಿದೆಯೆಂದು ಅವರು ಹೇಳಿದರು. ಸೇವೆಯ ಗುಣಮಟ್ಟವನ್ನು ಕಾಯಲು ಇಂಥ ನಿಯಮಗಳು ಅಗತ್ಯವೆಂಬುದು ಸಂಸ್ಥೆಯ ನಿಲುವು. ಎರಡೂ ಕಡೆಯ ವಾದದಲ್ಲಿ ಹುರುಳಿರಬಹುದು. ಆದರೆ ಬ್ಯಾಂಕಿನಲ್ಲಿ ಸಾಲ ಮಾಡಿ ಸ್ಕೂಟರು ಕೊಂಡು ಕೆಲಸಕ್ಕೆ ನಿಂತವಳಿಗೆ, ಖಾತೆ ಮುಚ್ಚಿದ ತಿಂಗಳೂ ಕಂತು ಕಟ್ಟಲೇಬೇಕು; ಸಾಲದ ಪುಸ್ತಕ ನಕ್ಷತ್ರಗಳನ್ನು ಎಣಿಸುವುದಿಲ್ಲ.

ಆದ್ದರಿಂದ ವಿವೇಕಿಯಾದ ಕಸುಬುದಾರನು ತನ್ನ ಹೆಸರನ್ನೆಲ್ಲ ಒಂದೇ ಸಂಸ್ಥೆಯ ಪುಸ್ತಕದಲ್ಲಿ ಠೇವಣಿಯಿಡಬಾರದು. ಸಂಸ್ಥೆಯ ಆ್ಯಪಿನಲ್ಲಿ ದೊರೆತ ಅಂಕಗಳು ಆ್ಯಪಿನೊಂದಿಗೇ ಉಳಿಯುತ್ತವೆ. ಹೊರಬಂದ ದಿನ ಅವನು ಮತ್ತೆ ಹೊಸಬ. ತನ್ನದೇ ಹೆಸರಿನಲ್ಲಿ ಗೂಗಲ್ಲಿನ ವ್ಯಾಪಾರದ ಪುಟವೊಂದನ್ನು ತೆರೆಯಲು ಯಾವ ಶುಲ್ಕವೂ ಇಲ್ಲ. ಅಂಗಡಿಯಿಲ್ಲದೆ ಮನೆಮನೆಗೆ ಹೋಗಿ ಕೆಲಸ ಮಾಡುವವನು ಮನೆಯ ವಿಳಾಸವನ್ನು ಮರೆಮಾಡಿ, ತಾನು ಹೋಗುವ ಪ್ರದೇಶಗಳನ್ನು ಮಾತ್ರ ತೋರಿಸಬಹುದು. ಈ ಪುಟದ ನವೀಕರಣಕ್ಕೆ ಹಣ ಕಟ್ಟಬೇಕು, ಇಲ್ಲವಾದರೆ ಹೆಸರು ಅಳಿಸಿಹೋಗುತ್ತದೆ ಎಂದು ದೂರವಾಣಿಯಲ್ಲಿ ಹೆದರಿಸುವವರು ಮೋಸಗಾರರೆಂದೇ ತಿಳಿಯಬೇಕು. ಪುಟದಲ್ಲಿ ಏನಿರಬೇಕು? ನಿಜವಾಗಿ ಮಾಡಿದ ಕೆಲಸದ ಚಿತ್ರಗಳಿರಬೇಕು. ಕೀರ್ತಿನಗರದ ಪೀಠೋಪಕರಣ ಮಳಿಗೆಯೊಂದರ ಸುಂದರ ಚಿತ್ರವನ್ನು ತನ್ನದೆಂದು ಹಾಕಿದ ಬಡಗಿಯು, ಅದೇ ಕಪಾಟು ಬೇಕೆಂದು ಗಿರಾಕಿ ಹಟ ಹಿಡಿದ ದಿನ ಸಿಕ್ಕಿಬೀಳುತ್ತಾನೆ. ಕೆಲಸಕ್ಕೆ ಮುನ್ನ ಒಂದು, ಕೆಲಸವಾದ ಮೇಲೆ ಒಂದು ಎಂದು ಎರಡು ಚಿತ್ರಗಳನ್ನು ಒಂದೇ ಕೋನದಿಂದ ತೆಗೆದಿಟ್ಟರೆ ಅದಕ್ಕಿಂತ ಉತ್ತಮ ಜಾಹೀರಾತು ಬೇರೆ ಬೇಕಿಲ್ಲ. ಮನೆಯವರ ಒಪ್ಪಿಗೆಯನ್ನು ಕೇಳಿಯೇ ತೆಗೆಯಬೇಕೆಂಬುದನ್ನೂ, ದೇವರಮನೆ, ಮಕ್ಕಳು, ಬಾಗಿಲ ಮೇಲಿನ ನಾಮಫಲಕ ಇವು ಚಿತ್ರದಲ್ಲಿ ಬರಬಾರದೆಂಬುದನ್ನೂ ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ತೃಪ್ತನಾದ ಗಿರಾಕಿಯು ಹಣ ಕೊಟ್ಟು ಬಾಗಿಲು ಹಾಕಿಕೊಂಡು ಮರೆತುಬಿಡುತ್ತಾನೆ. ಅತೃಪ್ತನು ಮರೆಯದೆ ಬರೆಯುತ್ತಾನೆ. ಇದು ಮನುಷ್ಯಸ್ವಭಾವ. ಆದಕಾರಣ ಕೆಲಸ ಮುಗಿದ ಕೂಡಲೇ ‘ಎರಡು ಸಾಲು ಬರೆದರೆ ಉಪಕಾರವಾದೀತು’ ಎಂದು ವಿನಯದಿಂದ ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ‘ಐದು ನಕ್ಷತ್ರ ಕೊಟ್ಟರೆ ನೂರು ರೂಪಾಯಿ ಕಡಿಮೆ’ ಎನ್ನುವುದು ಬೇರೆ ಮಾತು. ಗೂಗಲ್ಲಿನ ನಿಯಮವೇ ಅದನ್ನು ನಿಷೇಧಿಸುತ್ತದೆ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ: ದೂರು ಬಂದಾಗ ಏನು ಮಾಡಬೇಕು? ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಜುಲೈ ತಿಂಗಳ ಮಳೆಗಾಲ. ದ್ವಾರಕಾದ ಒಂದು ಮನೆಯ ಸ್ನಾನಗೃಹದಲ್ಲಿ ಕೊಳಾಯಿಯನ್ನು ಬದಲಿಸಿ ಹೋದ ಮೂರನೆಯ ದಿನ ಕೆಳಗಿನ ಮನೆಯ ಛಾವಣಿಯಲ್ಲಿ ತೇವ ಕಾಣಿಸುತ್ತದೆ. ರಾತ್ರಿ ಹನ್ನೊಂದು ಗಂಟೆಗೆ ಮನೆಯೊಡೆಯರು ಚಿತ್ರಸಮೇತ ಗುಂಪಿನಲ್ಲಿ ಬರೆಯುತ್ತಾರೆ: ‘ಈ ಮನುಷ್ಯ ಮೋಸಗಾರ, ಯಾರೂ ಕರೆಯಬೇಡಿ.’ ಇನ್ನೂರು ಮನೆಗಳು ಅದನ್ನು ಓದುತ್ತವೆ. ಸುದ್ದಿ ಕೆಲಸಗಾರನಿಗೆ ಮುಟ್ಟಿದಾಗ ಅವನ ಮೈ ಉರಿಯುವುದು ಸಹಜ. ಆ ತೇವ ತಾನು ಹಾಕಿದ ಕೊಳಾಯಿಯದೋ, ಮೇಲಿನ ಮಹಡಿಯಿಂದ ಮಳೆಯ ನೀರು ಇಳಿದುದೋ ಅವನಿಗೂ ತಿಳಿಯದು, ಬರೆದವರಿಗೂ ತಿಳಿಯದು. ಈ ಹೊತ್ತಿನಲ್ಲಿ ಅವನು ಬರೆಯುವ ಮೊದಲನೆಯ ಸಾಲು, ಅವನ ಹತ್ತು ವರ್ಷಗಳ ದುಡಿಮೆಗಿಂತ ಹೆಚ್ಚು ಮಂದಿಯ ಕಣ್ಣಿಗೆ ಬೀಳುತ್ತದೆ. ಮಾತು ಆಡಿದರೆ ಹೋಯಿತು ಎಂಬುದು ಬಾಯಿಮಾತಿಗೇ ಸತ್ಯವಾಗಿರುವಾಗ, ಚಿತ್ರ ತೆಗೆದಿಟ್ಟುಕೊಳ್ಳಬಹುದಾದ ಬರೆಹಕ್ಕೆ ಇನ್ನೆಷ್ಟು!

ಆ ರಾತ್ರಿ ಅವನು ಉತ್ತರಿಸದಿರುವುದೇ ಲೇಸು. ಆರೋಗ್ಯದ ದೃಷ್ಟಿಯಿಂದಲೂ ಇದು ಹಿತವೇ. ಸಿಟ್ಟಿನಿಂದ ದೂರವಾಣಿಯ ಬೆಳಕನ್ನು ನೋಡುತ್ತ ಕುಳಿತವನಿಗೆ ನಿದ್ರೆ ಬರುವುದಿಲ್ಲ, ನಿದ್ರೆಗೆಟ್ಟವನ ಕೈ ಮರುದಿನ ಕೊಳಾಯಿಯ ಕೆಲಸದಲ್ಲಿಯೂ ನಡುಗುತ್ತದೆ. ಬೆಳಿಗ್ಗೆ ಅವನು ಇಷ್ಟು ಬರೆದರೆ ಸಾಕು: ‘ತಮಗಾದ ತೊಂದರೆಯನ್ನು ಓದಿದೆ. ಇಂದು ಹತ್ತು ಗಂಟೆಗೆ ನಾನೇ ಬಂದು ನೋಡುತ್ತೇನೆ. ನಾನು ಹಾಕಿದ ಜೋಡಣೆಯಲ್ಲಿ ದೋಷವಿದ್ದರೆ ಹಣ ಪಡೆಯದೆ ಸರಿಪಡಿಸುತ್ತೇನೆ.’ ಈ ಮೂರು ವಾಕ್ಯಗಳಲ್ಲಿ ತಪ್ಪೊಪ್ಪಿಗೆಯೂ ಇಲ್ಲ, ಜಗಳವೂ ಇಲ್ಲ, ದಿನ ಮತ್ತು ವೇಳೆ ಇವೆ. ಬ್ಯಾಂಕುಗಳಿಗೆ ಬರುವ ದೂರುಪತ್ರಗಳನ್ನು ಉತ್ತರಿಸಿ ಪಳಗಿದ ಯಾವ ಅಧಿಕಾರಿಯೂ ಒಪ್ಪುವ ಮಾತೊಂದುಂಟು: ಉತ್ತರವನ್ನು ದೂರುಗಾರನಿಗಾಗಿ ಎಷ್ಟು ಬರೆಯುತ್ತೇವೆಯೋ ಅಷ್ಟೇ, ಮುಂದೊಂದು ದಿನ ಆ ಕಡತವನ್ನು ತೆರೆಯುವ ಮೂರನೆಯವನಿಗಾಗಿಯೂ ಬರೆಯುತ್ತೇವೆ. ಜಾಲತಾಣದ ಉತ್ತರವೂ ಅಂಥದೇ. ಬೈದವರು ಬದಲಾಗದೆಯೂ ಇರಬಹುದು. ಆದರೆ ಆರು ತಿಂಗಳ ಮೇಲೆ ಪುಟವನ್ನು ತೆರೆಯುವ ಹೊಸ ಗಿರಾಕಿಯು ದೂರನ್ನೂ ಉತ್ತರವನ್ನೂ ಒಟ್ಟಿಗೆ ಓದುತ್ತಾನೆ. ಎಲ್ಲವೂ ಹೊಗಳಿಕೆಯೇ ಆಗಿರುವ ಪುಟಕ್ಕಿಂತ, ಒಂದೆರಡು ತೆಗಳಿಕೆಗೆ ಸಮಾಧಾನದ ಉತ್ತರವಿರುವ ಪುಟವನ್ನೇ ಅವನು ಹೆಚ್ಚು ನಂಬುವ ಸಂಭವವುಂಟು.

ಉತ್ತರಕ್ಕೆ ಬಲ ಬರುವುದು ದಾಖಲೆಯಿಂದ. ಇಲ್ಲಿಯೇ ಬಹುಪಾಲು ಕಸುಬುದಾರರು ಎಡವುತ್ತಾರೆ. ಚಾವ್ಡಿ ಬಜಾರಿನಿಂದ ನಲ್ಲಿಯನ್ನು, ಭಾಗೀರಥ ಪ್ಯಾಲೇಸಿನಿಂದ ತಂತಿಯನ್ನು ತಂದು ಹಾಕುತ್ತಾರೆ, ರಸೀದಿಯನ್ನು ಎಸೆಯುತ್ತಾರೆ. ಕೆಲಸ ಏನು, ಸಾಮಾನು ಯಾರದು, ಯಾವುದಕ್ಕೆ ಎಷ್ಟು ದಿನದ ಭರವಸೆ ಎಂಬುದು ಬಾಯಿಮಾತಿನಲ್ಲಿ ತೇಲಿಹೋಗುತ್ತದೆ. ಗಿರಾಕಿಯೇ ತಂದುಕೊಟ್ಟ ಅಗ್ಗದ ನಲ್ಲಿ ಸೋರಿದರೂ ಹೆಸರು ಕೆಡುವುದು ಅದನ್ನು ತಿರುಗಿಸಿದವನದು. ಒಂದು ಹಾಳೆಯ ಬಿಲ್ಲು, ಅದಿಲ್ಲವಾದರೆ ಕೆಲಸ ಶುರುಮಾಡುವ ಮೊದಲು ವಾಟ್ಸ್ಆ್ಯಪಿನಲ್ಲಿ ಕಳಿಸಿದ ನಾಲ್ಕು ಸಾಲು, ಇವು ಇದ್ದರೆ ಅರ್ಧ ವಿವಾದಗಳು ಹುಟ್ಟುವುದೇ ಇಲ್ಲ. ‘ಗೋಡೆಯೊಳಗಿನ ಹಳೆಯ ಪೈಪು ತುಕ್ಕು ಹಿಡಿದಿದೆ, ಅದನ್ನು ಬದಲಿಸದೆ ಹೊಸ ನಲ್ಲಿಗೆ ಭರವಸೆ ಕೊಡಲಾರೆ’ ಎಂದು ಮೊದಲೇ ಬರೆದು, ‘ಸರಿ’ ಎಂದು ಉತ್ತರ ಪಡೆದವನನ್ನು ಮೋಸಗಾರನೆನ್ನುವುದು ಕಷ್ಟ. ಆದಾಯದ ದಾಖಲೆಯಿಲ್ಲದೆ ಸಾಲಕ್ಕೆ ಬಂದು ಬರಿಗೈಯಲ್ಲಿ ಹಿಂದಿರುಗುವ ಕುಶಲಕರ್ಮಿಗಳ ಸಂಖ್ಯೆ ಸಣ್ಣದಲ್ಲ. ಈ ಬಿಲ್ಲುಗಳು ಅಲ್ಲಿಯೂ ನೆರವಿಗೆ ಬರುತ್ತವೆ.

ದೂರು ಶುದ್ಧ ಸುಳ್ಳಾಗಿದ್ದರೆ? ಎಂದೂ ಕರೆಯದವನೊಬ್ಬ, ಬಹುಶಃ ಎದುರಾಳಿ ಕಸುಬಿನವನೇ, ಒಂದು ನಕ್ಷತ್ರವನ್ನು ಕೊಟ್ಟು ಹೋಗುವುದೂ ಉಂಟು. ಗೂಗಲ್ಲಿನಲ್ಲಿ ಅಂಥದನ್ನು ಗುರುತುಮಾಡಿ ತೆಗೆದುಹಾಕಲು ಕೇಳಿಕೊಳ್ಳಬಹುದು. ನಿಯಮಭಂಗವಾಗಿದ್ದರೆ ತೆಗೆಯುತ್ತಾರೆ, ಹಿಡಿಸಲಿಲ್ಲವೆಂಬ ಕಾರಣಕ್ಕೆ ಮಾತ್ರ ತೆಗೆಯುವುದಿಲ್ಲ. ಮಾನನಷ್ಟವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ವಿಧಿಗೆ ಬರುತ್ತದೆ. ಆದರೆ ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ ಅಲ್ಲಿ ರಕ್ಷಣೆಯುಂಟು. ವಕೀಲರ ನೋಟೀಸು ಪಡೆದ ಗಿರಾಕಿಯು ಅದನ್ನೂ ಗುಂಪಿನಲ್ಲಿ ಹಾಕಿದರೆ ಹಗರಣ ಇಮ್ಮಡಿಯಾಗುತ್ತದೆ. ನೋಟೀಸಿನ ವೆಚ್ಚದಲ್ಲಿ ಆ ಕೊಳಾಯಿಯನ್ನು ಇನ್ನೆರಡು ಸಲ ಬದಲಿಸಬಹುದಿತ್ತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾನೂನನ್ನು ಜೀವನೋಪಾಯಕ್ಕೇ ಕುತ್ತು ಬಂದ ಸಂದರ್ಭಕ್ಕೆ ಕಾದಿರಿಸುವುದು ಮೇಲು.

ಸುಳ್ಳು ತೆಗಳಿಕೆಗಿಂತ ಸುಳ್ಳು ಹೊಗಳಿಕೆಯೇ ಹೆಚ್ಚು ಹರಡಿದೆ. ಇಂತಿಷ್ಟು ಹಣಕ್ಕೆ ಇಂತಿಷ್ಟು ನಕ್ಷತ್ರವೆಂದು ಮಾರುವವರಿದ್ದಾರೆ. ದೆಹಲಿಯ ಬಹಾದುರ್ ಶಾ ಜಫರ್ ಮಾರ್ಗದಲ್ಲಿ ಮಾನಕ ಭವನವನ್ನುಳ್ಳ ಭಾರತೀಯ ಮಾನಕ ಬ್ಯೂರೋ, ಅಂದರೆ ಒಡವೆಯ ಚಿನ್ನಕ್ಕೂ ಪ್ರೆಷರ್ ಕುಕರಿಗೂ ಮುದ್ರೆಯನ್ನು ನಿಗದಿಪಡಿಸುವ ಸಂಸ್ಥೆ, 2022ರ ನವೆಂಬರಿನಲ್ಲಿ ಆನ್‌ಲೈನ್ ವಿಮರ್ಶೆಗಳಿಗೂ ಒಂದು ಮಾನದಂಡವನ್ನು ಹೊರತಂದಿತು. ಅದರ ಸಂಖ್ಯೆ ಐಎಸ್ 19000:2022. ಬರೆದವನು ನಿಜವಾದ ವ್ಯಕ್ತಿಯೇ ಎಂಬುದನ್ನು ಪರಿಶೀಲಿಸಬೇಕು, ಹಣ ಕೊಟ್ಟು ಬರೆಯಿಸಿದ್ದನ್ನು ಪ್ರಕಟಿಸಬಾರದು ಎಂಬುವು ಅದರ ಮುಖ್ಯಾಂಶಗಳು. ಆಗ ಅದರ ಪಾಲನೆಯನ್ನು ಜಾಲತಾಣಗಳ ಸ್ವಂತ ಇಚ್ಛೆಗೆ ಬಿಡಲಾಗಿತ್ತು. ಅದೇ ವರ್ಷದ ಜೂನ್‌ನಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿಯಲ್ಲಿ, ದಾರಿತಪ್ಪಿಸುವ ಜಾಹೀರಾತುಗಳ ಕುರಿತ ಮಾರ್ಗಸೂಚಿಗಳೂ ಬಂದಿದ್ದವು. ಕಾನೂನಿನ ಮಾತು ಹಾಗಿರಲಿ, ಕೊಂಡ ಹೊಗಳಿಕೆಯ ನಿಜವಾದ ಕೆಡುಕು ಬೇರೆಡೆ ಇದೆ: ಅದು ಗಿರಾಕಿಯ ನಿರೀಕ್ಷೆಯನ್ನು ಕೆಲಸಗಾರನ ಕೈಗಿಂತ ಮೇಲಕ್ಕೆ ಏರಿಸಿ ಕೂರಿಸುತ್ತದೆ.

ನಿರೀಕ್ಷೆಯು ಕೈಮೀರಿ ಏರಿದರೆ ಏನಾಗುತ್ತದೆಂಬುದಕ್ಕೆ ದಕ್ಷಿಣ ದೆಹಲಿಯ ಮಾಲವೀಯ ನಗರದ ‘ಬಾಬಾ ಕಾ ಢಾಬಾ’ದ ಕಥೆಗಿಂತ ತಿಳಿಯಾದ ದೃಷ್ಟಾಂತ ಸಿಗಲಾರದು. ಅಲ್ಲಿ ಹಣ ಕೊಟ್ಟು ಕೊಂಡ ಹೊಗಳಿಕೆಯಿರಲಿಲ್ಲ. ಕೇಳದೆಯೇ ಬಂದ ಕೀರ್ತಿಯಿತ್ತು. ಎಂಬತ್ತರ ಆಸುಪಾಸಿನ ದಂಪತಿಗಳು ರಸ್ತೆಬದಿಯಲ್ಲಿ ದಶಕಗಳಿಂದ ರೊಟ್ಟಿ, ಬೇಳೆ, ಪಲ್ಯ ಬೇಯಿಸಿ ಮಾರುತ್ತಿದ್ದ ಪುಟ್ಟ ಅಂಗಡಿಯದು. 2020ರಲ್ಲಿ ಕೋವಿಡ್ ಬಂದು ಗಿರಾಕಿಗಳು ಕಾಣೆಯಾದರು. ಅಕ್ಟೋಬರಿನಲ್ಲಿ ಯೂಟ್ಯೂಬಿನ ತರುಣನೊಬ್ಬ ಅಂಗಡಿಯವರ ಕಣ್ಣೀರನ್ನು ಚಿತ್ರಿಸಿ ಜಾಲತಾಣಕ್ಕೆ ಏರಿಸಿದ. ಒಂದೇ ದಿನದಲ್ಲಿ ದೇಶವೆಲ್ಲ ನೋಡಿತು. ಮರುದಿನ ಅಂಗಡಿಯ ಮುಂದೆ ಸಾಲು ನಿಂತಿತು, ಚಿತ್ರತಾರೆಯರೂ ಕ್ರಿಕೆಟ್ ಆಟಗಾರರೂ ಹಾಡಿ ಹೊಗಳಿದರು, ನೆರವಿನ ಹಣ ಹರಿಯಿತು. ತಿಂಗಳು ತುಂಬುವ ಮೊದಲೇ, ಹಣದ ಲೆಕ್ಕ ಸರಿಯಿಲ್ಲವೆಂದು ಅಂಗಡಿಯವರು ಅದೇ ತರುಣನ ಮೇಲೆ ಪೊಲೀಸರಿಗೆ ದೂರಿತ್ತರು. ಅವನು ಆರೋಪವನ್ನು ನಿರಾಕರಿಸಿದನು. ಹಿಂದಿನ ದಿನ ಕಣ್ಣೊರೆಸಿದ ಜಾಲತಾಣವೇ ಈಗ ವೃದ್ಧರನ್ನು ಕೃತಘ್ನರೆಂದು ಜರೆಯಿತು. ಡಿಸೆಂಬರಿನಲ್ಲಿ ಅವರು ಸಮೀಪದಲ್ಲಿಯೇ ಒಂದು ರೆಸ್ಟೋರೆಂಟನ್ನು ತೆರೆದರು. ಪತ್ರಿಕೆಗಳಿಗೆ ಅವರೇ ಹೇಳಿದ ಲೆಕ್ಕದಂತೆ ಹೂಡಿಕೆ ಸುಮಾರು 5 ಲಕ್ಷ, ತಿಂಗಳ ಖರ್ಚು ಸುಮಾರು 1 ಲಕ್ಷ, ಮಾರಾಟವಾದರೋ 40 ಸಾವಿರವನ್ನು ದಾಟಲಿಲ್ಲ. 2021ರ ಫೆಬ್ರವರಿಯಲ್ಲಿ ಅದನ್ನು ಮುಚ್ಚಿ ಹಳೆಯ ಅಂಗಡಿಗೇ ಮರಳಿದರು. ಜೂನ್‌ನಲ್ಲಿ ತರುಣನ ಕ್ಷಮೆ ಕೇಳಿದರು. ಅವನೂ ಬಂದು ಸಂಧಿಯಾಯಿತು. ಅದೇ ತಿಂಗಳು ಆ ವೃದ್ಧರು ಆಸ್ಪತ್ರೆ ಸೇರಿದ ಸುದ್ದಿಯೂ ಬಂತು.

ಯಾರದು ತಪ್ಪೆಂದು ತೀರ್ಪು ಕೊಡುವುದು ಇಲ್ಲಿನ ಉದ್ದೇಶವಲ್ಲ. ಬ್ಯಾಂಕಿನ ದೃಷ್ಟಿಯಿಂದ ನೋಡಿದರೆ ಎರಡು ಅಂಶಗಳು ಎದ್ದು ಕಾಣುತ್ತವೆ. ನೆರವಿನ ಹಣ ಯಾರ ಖಾತೆಗೆ ಬರಬೇಕು, ಯಾರು ಲೆಕ್ಕ ಕೊಡಬೇಕು ಎಂಬುದು ಮೊದಲ ದಿನವೇ ಬರೆಹದಲ್ಲಿ ಇರಬೇಕಿತ್ತು. ಇನ್ನು, ಸಾಲು ನಿಂತ ಜನರಲ್ಲಿ ಬಹಳ ಮಂದಿ ಬಂದದ್ದು ಊಟಕ್ಕಲ್ಲ, ಮರುಕಕ್ಕೆ, ಕೆಲವರು ಚಿತ್ರ ತೆಗೆಸಿಕೊಳ್ಳಲಿಕ್ಕೆ. ಅಂಥವರು ಎರಡನೆಯ ಸಲ ಬರುವುದಿಲ್ಲ. ಲಾರ್ಡ್ ಎಲ್ಡನ್ನರ ಅಳತೆಗೋಲಿನಿಂದ ಅಳೆದರೆ ಅದು ಗುಡ್‌ವಿಲ್ಲೇ ಅಲ್ಲ. ಆ ಜನಜಂಗುಳಿಯನ್ನು ನೋಡಿ ಬಾಡಿಗೆಯ ಕರಾರಿಗೆ ಸಹಿ ಹಾಕುವ ಮುನ್ನ ನಾಲ್ಕು ತಿಂಗಳ ಗಲ್ಲಾಪೆಟ್ಟಿಗೆಯನ್ನು ನೋಡಬೇಕೆಂದು ಹೇಳುವವರು ಯಾರೂ ಆ ದಂಪತಿಗಳ ಬಳಿ ಇರಲಿಲ್ಲವೋ ಏನೋ. ಮನೆಯಲ್ಲಿಯೇ ಚಟ್ನಿಪುಡಿ, ಹೋಳಿಗೆ ಮಾಡಿ ಮಾರುತ್ತಿರುವ ರಾಜಧಾನಿಯ ಕನ್ನಡ ಗೃಹಿಣಿಯರಿಗೂ ಇದು ಅನ್ವಯಿಸುತ್ತದೆ. ಒಂದು ವಿಡಿಯೋ ಹಬ್ಬಿ ಒಂದೇ ವಾರದಲ್ಲಿ ಐನೂರು ಹೋಳಿಗೆಗೆ ಕರೆ ಬಂದರೆ, ಇನ್ನೂರನ್ನು ಮಾತ್ರ ಒಪ್ಪಿಕೊಳ್ಳುವ ಧೈರ್ಯ ಬೇಕು.

ದೂರವಾಣಿಯ ಸಂಖ್ಯೆಯನ್ನು ಎಲ್ಲೆಡೆ ಪ್ರಕಟಿಸಿದವರಿಗೆ ಬೇರೊಂದು ಅಪಾಯವೂ ಉಂಟು. ಸೇನಾಧಿಕಾರಿಯೆಂದು ಹೇಳಿಕೊಂಡು ದೊಡ್ಡ ಕೆಲಸವನ್ನೊಪ್ಪಿಸಿ, ‘ಮುಂಗಡ ಕಳಿಸುತ್ತೇವೆ, ಈ ಚೌಕವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎನ್ನುವವರು ರಾಜಧಾನಿಯ ವಲಯದಲ್ಲಿ ಅನೇಕರನ್ನು ವಂಚಿಸಿದ್ದಾರೆ. ಹಣ ಪಡೆಯಲು ಯುಪಿಐ ಪಿನ್ ಎಂದಿಗೂ ಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಮೋಸಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಇಷ್ಟೆಲ್ಲ ಕಸುಬುದಾರನ ಕರ್ತವ್ಯವಾಯಿತು. ಲೇಖನಿ ಅವನ ಕೈಯಲ್ಲಿಲ್ಲವಾದ್ದರಿಂದ, ಅದನ್ನು ಹಿಡಿದವರ ಬಗೆಗೂ ಎರಡು ಮಾತು ಸಲ್ಲಬೇಕು. ಈ ಸಂಚಿಕೆಯ ಓದುಗರಲ್ಲಿ ಹೆಚ್ಚಿನವರು ಅವರೇ ಅಲ್ಲವೇ? ಗುಂಪಿನಲ್ಲಿ ಬರೆಯುವ ಮೊದಲು ಒಂದು ಕರೆ ಮಾಡಿ, ಒಂದು ದಿನ ಕಾಯುವುದು ಕಷ್ಟದ ಮಾತಲ್ಲ. ತಡವಾಗಿ ಬಂದನೇ, ಕೆಲಸ ಕೆಡಿಸಿದನೇ, ಹೆಚ್ಚು ಹಣ ಕೇಳಿದನೇ ಎಂಬುದನ್ನು ಬಿಡಿಸಿ ಬರೆಯಬೇಕು. ಮಥುರಾ ರಸ್ತೆಯ ವಾಹನದಟ್ಟಣೆಯಲ್ಲಿ ಸಿಲುಕಿ ಒಂದು ಗಂಟೆ ತಡವಾದವನಿಗೂ, ತಂತಿಯನ್ನು ತಪ್ಪಾಗಿ ಜೋಡಿಸಿ ಅಪಾಯ ತಂದವನಿಗೂ ಒಂದೇ ನಕ್ಷತ್ರವೆಂದರೆ ಅದು ಲೆಕ್ಕವಲ್ಲ. ಅಪಾಯ ತಂದವನ ವಿಷಯವನ್ನು ಬರೆಯಲೇಬೇಕು. ಅಲ್ಲಿ ದಾಕ್ಷಿಣ್ಯ ಸಲ್ಲದು, ಮುಂದಿನ ಮನೆಯ ಮಗುವಿನ ಜೀವದ ಪ್ರಶ್ನೆಯದು. ಸೇವೆಯ ಲೋಪಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ದೋಷ ಸರಿಹೋದ ಮೇಲೆ, ಮೊದಲು ಬರೆದುದನ್ನು ತಿದ್ದುವುದಕ್ಕೆ ಗೂಗಲ್ಲಿನಲ್ಲಿ ಅವಕಾಶವುಂಟು. ಗುಂಪಿನಲ್ಲಾದರೆ ‘ಬಂದು ಸರಿಪಡಿಸಿದರು’ ಎಂಬ ಎರಡು ಶಬ್ದ ಸಾಕು. ಬೈಗುಳವನ್ನು ಬರೆದವರಲ್ಲಿ ಈ ಎರಡು ಶಬ್ದಗಳನ್ನು ಬರೆಯುವವರು ವಿರಳ.

ಕಡೆಯದಾಗಿ, ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಅಂಶ. ಬಹಳಷ್ಟು ಕಸುಬುದಾರರ ಪುಟಗಳನ್ನು ತೆರೆದುಕೊಟ್ಟವರು ನೆರೆಯ ಓದಿದ ಹುಡುಗರು, ಅವರದೇ ಇಮೇಲಿನಿಂದ. ಆ ಹುಡುಗ ನೌಕರಿ ಹಿಡಿದು ಕೆನಡಾಕ್ಕೆ ಹೋದ ಮೇಲೆ ಪುಟದ ಬೀಗದ ಕೈ ಯಾರ ಬಳಿಯೂ ಇಲ್ಲ. ಹತ್ತು ವರ್ಷಗಳ ಮೆಚ್ಚುಗೆಯ ಮಾತುಗಳು ಅಲ್ಲಿ ಕಾಣುತ್ತವೆ, ಬದಲಾದ ದೂರವಾಣಿ ಸಂಖ್ಯೆಯನ್ನು ತಿದ್ದಲು ಆಗುವುದಿಲ್ಲ. ಪುಟದ ಒಡೆತನವನ್ನು ಇನ್ನೊಬ್ಬರಿಗೆ ವರ್ಗಾಯಿಸುವ, ಇಬ್ಬರು ಒಡೆಯರನ್ನು ಇಟ್ಟುಕೊಳ್ಳುವ ಅನುಕೂಲ ಗೂಗಲ್ಲಿನಲ್ಲಿದೆ. ಉಳಿತಾಯ ಖಾತೆಗೆ ನಾಮನಿರ್ದೇಶನ ಮಾಡುವ ಹಾಗೆಯೇ, ತಂದೆಯ ಹತ್ಯಾರಿನ ಚೀಲವನ್ನು ಹೊರಲು ತೊಡಗಿರುವ ಮಗನ ಅಥವಾ ಮಗಳ ಹೆಸರನ್ನು ಅಲ್ಲಿ ಈಗಲೇ ಸೇರಿಸಿಡಬೇಕು. ಅದಕ್ಕೆ ಬೇಕಾಗುವುದು ಹತ್ತು ನಿಮಿಷ ಮತ್ತು ಆ ಹಳೆಯ ಇಮೇಲಿನ ಪಾಸ್‌ವರ್ಡು. ಹುಡುಗ ವಿಮಾನ ಹತ್ತುವ ಮುನ್ನವೇ ಕೇಳಿ ಬರೆದಿಟ್ಟುಕೊಂಡಿರಬೇಕು.